ಜಾಥಾ ಹೋದ ಮೇಲೂ ಅಕ್ಷರ ಉಳಿಯಲಿ

ಬೀದಿಯಲ್ಲಿ ಬರಹವನ್ನು ನಿಲ್ಲಿಸುವುದು ರಾಯಚೂರು ಸೀಮೆಗೆ ಹೊಸದಲ್ಲ. ಮಸ್ಕಿಯ ಬಂಡೆಯ ಮೇಲಿನ ಶಾಸನ ಕ್ರಿ.ಪೂ. 3ನೆಯ ಶತಮಾನದ್ದು. 1915ರಲ್ಲಿ ಅದು ಬೆಳಕಿಗೆ ಬಂದಾಗ ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದು ಖಚಿತವಾಯಿತು. ಶ್ರೇಯಸ್ಸು ದೊಡ್ಡವರಿಗಷ್ಟೇ ಮೀಸಲಲ್ಲ, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎಂಬುದು ಅದರ ಸಾರ. ಅಂದರೆ ಅಕ್ಷರಕ್ಕೆ ದನಿಯೂ ಜೊತೆಯಾಗಬೇಕೆಂಬ ಅರಿವು ಅಂದೇ ಇತ್ತು.

1990ರ ಭಾರತ ಜ್ಞಾನ ವಿಜ್ಞಾನ ಜಾಥಾ ಹಾಡು ಮತ್ತು ಬೀದಿನಾಟಕಗಳ ಮೂಲಕ ನಾಡಿನಾದ್ಯಂತ ಮಾಡಿದ್ದೂ ಇದನ್ನೇ. ಆದರೂ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದರೆ ರಾಯಚೂರು ಜಿಲ್ಲೆಯದು ಶೇ. 59.56 ಮಾತ್ರ. ಕಲಾತಂಡ ಆಸೆಯನ್ನು ಹುಟ್ಟಿಸಬಲ್ಲದು; ನಿತ್ಯದ ಬಳಕೆ ಇಲ್ಲದಿದ್ದರೆ ಕಲಿತ ಅಕ್ಷರವೂ ಮರೆಯುತ್ತದೆ.

ನಮ್ಮ ಮಲೆನಾಡಿನಲ್ಲಿ ಹುಟ್ಟುವ ತುಂಗೆ, ಭದ್ರೆಯರ ನೀರು ಎಡದಂಡೆ ಕಾಲುವೆಯಲ್ಲಿ ಸಿಂಧನೂರಿನ ಗದ್ದೆಗಳನ್ನು ತಲುಪುತ್ತದೆ. ಅಲ್ಲಿ ಭತ್ತಕ್ಕೆ ಸಿಂಪಡಿಸುವ ಕೀಟನಾಶಕದ ಡಬ್ಬಿಯ ಮೇಲೊಂದು ಬಣ್ಣದ ಚಿಹ್ನೆಯಿರುತ್ತದೆ. ಕೆಂಪು ಅತ್ಯಂತ ವಿಷಕಾರಿ; ನಂತರದವು ಹಳದಿ, ನೀಲಿ, ಹಸಿರು. ಇದನ್ನು ಓದಲಾರದ ಕೂಲಿಕಾರರಿಗೆ ಅನಕ್ಷರತೆ ದೇಹದ ಮೇಲೆಯೇ ಬೀಳುವ ಪೆಟ್ಟು.

ಆದ್ದರಿಂದ ಪ್ರತಿ ಬೀದಿನಾಟಕವೂ ಒಂದು ಗೋಡೆಯ ಮುಂದೆ ಮುಗಿಯಲಿ. ಆ ನಾಲ್ಕು ಬಣ್ಣಗಳ ಅರ್ಥ, ಕಾಲುವೆಗೆ ನೀರು ಬಿಡುವ ದಿನ, ಲಿಂಗಸುಗೂರಿನ ಖುಷ್ಕಿ ಹೊಲಗಳಿಗೆ ಬಿದ್ದ ಮಳೆಯ ಅಳತೆ, ದಿನಗೂಲಿಯ ಲೆಕ್ಕ: ಇವನ್ನು ಊರಿನವರೇ ಬರೆಯಲಿ, ವಾರಕ್ಕೊಮ್ಮೆ ತಿದ್ದಲಿ, ಓದಬಲ್ಲವರು ಗಟ್ಟಿಯಾಗಿ ಓದಿ ಹೇಳಲಿ. ಮಸ್ಕಿಯ ಬಂಡೆಯಲ್ಲಿ ಬರೆಸಿದವನು ಅರಸ. ಈ ಗೋಡೆಗಳ ಮೇಲೆ ಬರೆಯುವ ಕೈ ಉಳುವವರದಾಗಬೇಕು, ನಾಟಿ ಹಚ್ಚುವವರದಾಗಬೇಕು.