ಲಾರಿ ಖಾನಾಪುರದಲ್ಲಿ, ಹೆಸರು ಕೊಲ್ಹಾಪುರದಲ್ಲಿ

ಬೆಳಗಾವಿಯಿಂದ ಶಿನ್ನೋಳಿಗೆ ಅರ್ಧ ಗಂಟೆಯ ದಾರಿ. ಅಲ್ಲಿಂದಾಚೆ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಚಂದಗಡ ತಾಲ್ಲೂಕು. ಸಂತೆ, ಆಸ್ಪತ್ರೆ, ಬೀಗತನ ಎಲ್ಲಕ್ಕೂ ಆ ಕಡೆಯವರು ಈ ಕಡೆ, ಈ ಕಡೆಯವರು ಆ ಕಡೆ ಓಡಾಡುತ್ತಲೇ ಇರುತ್ತಾರೆ. ಹಳೆಯ ಲಾರಿಗಳೂ ಹಾಗೆಯೇ ಬರುತ್ತವೆ. ಮೂಲೆ ಹಿಡಿದಿದ್ದ ಲಾರಿಯೊಂದನ್ನು ಗುಜರಿ ಬೆಲೆಗಿಂತ ತುಸು ಹೆಚ್ಚು ಕೊಟ್ಟು ತಂದು, ಉದ್ಯಮಬಾಗದಲ್ಲಿ ಲೇತ್ ಕೆಲಸ, ಆಟೋನಗರದಲ್ಲಿ ಬಾಡಿ ಕೆಲಸ ಮಾಡಿಸಿ, ಖಾನಾಪುರದ ಇಟ್ಟಿಗೆ-ಹಂಚು ಸಾಗಿಸಲು ಬಿಡೋಣ ಎನ್ನುವ ಉಮೇದು ಒಳ್ಳೆಯದೇ. ಈ ಊರಿನ ಮೆಕ್ಯಾನಿಕ್‌ಗಳ ಕೈಯಲ್ಲಿ ಆಗದ ಕೆಲಸವೂ ಅದಲ್ಲ. ತೊಡಕಿರುವುದು ಕಾಗದದಲ್ಲಿ.

ಮೊದಲ ಪ್ರಶ್ನೆ, ಲಾರಿಯನ್ನು ತರುವುದು ಹೇಗೆ? ಎಫ್‌ಸಿ (ಸುಸ್ಥಿತಿ ಪ್ರಮಾಣಪತ್ರ) ಮುಗಿದ ಸರಕು ವಾಹನವನ್ನು ಮೋಟಾರು ವಾಹನ ಕಾಯ್ದೆಯ 56ನೇ ಕಲಮು ನೋಂದಣಿಯಾದ ವಾಹನವೆಂದೇ ಒಪ್ಪುವುದಿಲ್ಲ. ವಿಮೆಯೂ ಇಲ್ಲದಿದ್ದರೆ ಮುಗಿದೇ ಹೋಯಿತು. ‘ರಾತ್ರಿ ಹೊತ್ತು ಸಾವಕಾಶ ಹೊಡ್ಕೊಂಡ್ ಬಂದ್ರಾತು’ ಎಂಬ ಸಲಹೆ ಕೊಡುವವರಿಗೆ ಬರವಿಲ್ಲ. ದಾರಿಯಲ್ಲಿ ಯಾರಿಗಾದರೂ ತಗುಲಿದರೆ ಪರಿಹಾರ ಕಟ್ಟಲು ಆ ಸಲಹೆಗಾರರು ಬರುವುದಿಲ್ಲ. ಲೋ-ಬೆಡ್ ಟ್ರೇಲರ್ ಮೇಲೆ ಹೇರಿ ತರುವ ಖರ್ಚನ್ನು ಲಾರಿಯ ಬೆಲೆಯಲ್ಲೇ ಸೇರಿಸಿ ಚೌಕಾಸಿ ಮಾಡುವುದು ಜಾಣತನ.

ಆಮೇಲೆ ಶುರುವಾಗುವುದು ‘ಪಾಸಿಂಗ್’ ಪುರಾಣ. ಎಂಎಚ್-09 ಹೋಗಿ ಕೆಎ-22 ಬರಬೇಕಾದರೆ ಕೊಲ್ಹಾಪುರದ ಆರ್‌ಟಿಒ ಕಚೇರಿಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಅದಕ್ಕೆ ಫಾರಂ 28. ಅದರ ಮೇಲೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಇರಬೇಕು. ವರ್ಷಗಟ್ಟಲೆ ಮಳೆಯಲ್ಲಿ ನೆಂದ ಚಾಸಿಯ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಕಾಗದ ಒತ್ತಿ ಹಿಡಿದು ಪೆನ್ಸಿಲ್ ಆಡಿಸಿದರೆ ಅಂಕಿಗಳು ಒಂದೊಂದಾಗಿ ಮೂಡುತ್ತವೆ. ಒಂದು ಅಂಕಿ ಅಳಿಸಿಹೋಗಿದ್ದರೂ ಅನುಮಾನ ಹುಟ್ಟುತ್ತದೆ. ಹಣ ಕೊಡುವ ಮೊದಲೇ ಈ ಅಚ್ಚು ತೆಗೆದು ಆರ್‌ಸಿ ಜೊತೆ ತಾಳೆ ನೋಡುವವರು ಎಷ್ಟು ಮಂದಿ?

ಎನ್‌ಒಸಿ ಕೊಡುವ ಮುಂಚೆ ಕಳವಿನ ದೂರಿಲ್ಲವೆಂದು ಪೊಲೀಸರಿಂದ ವರದಿ ಬರಬೇಕು, ರಸ್ತೆ ತೆರಿಗೆ ಬಾಕಿ ಇರಬಾರದು. ಹಳೆಯ ಮಾಲೀಕನ ಬಾಕಿ ಹೊಸಬನ ತಲೆಗೆ ಬೀಳುವುದು ಇಲ್ಲಿಯೇ. ಕರ್ನಾಟಕದ ತೆರಿಗೆ ಬೇರೆ. ಪರ್ಮಿಟ್ ಕೂಡ ಲಾರಿಯ ಹಿಂದೆ ತಾನಾಗಿ ಬರುವುದಿಲ್ಲ. 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಭಾರಿ ವಾಹನದ ಎಫ್‌ಸಿ ನವೀಕರಣ ಶುಲ್ಕವನ್ನು 12,500 ರೂಪಾಯಿಗೆ ಏರಿಸಲಾಯಿತು. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ ಪ್ರತಿ ವರ್ಷದ ಬಾಬ್ತು. ಬಾಡಿಯ ರೂಪವನ್ನೇ ಬದಲಿಸಿ ಊಟದ ಗಾಡಿಯನ್ನೋ ಮತ್ತೊಂದನ್ನೋ ಮಾಡುವುದಿದ್ದರೆ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲೂ ಅದನ್ನು ದಾಖಲಿಸಬೇಕು.

ಇಷ್ಟೆಲ್ಲ ಯಾರಿಗೆ ಬೇಕು ಎಂದು ಜನ ಹಿಡಿದಿರುವ ಅಡ್ಡದಾರಿ ಎಲ್ಲರಿಗೂ ಗೊತ್ತು: ಮಾಲೀಕತ್ವ ವರ್ಗಾವಣೆಯ ಖಾಲಿ 29-30 ಫಾರಂಗಳಿಗೆ ಮಾರುವವನ ಸಹಿ ಹಾಕಿಸಿಕೊಂಡು ಗಾಡಿ ಓಡಿಸುವುದು. ಲಾರಿ ಕೈಯಿಂದ ಕೈಗೆ ಹೋಗುತ್ತದೆ, ಹೆಸರು ಮಾತ್ರ ಅಲ್ಲೇ ಉಳಿಯುತ್ತದೆ. ಇದರ ಪೆಟ್ಟು ಯಾರಿಗೆಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 6ರಂದು ಸ್ಪಷ್ಟಪಡಿಸಿದೆ. ಆ ಪ್ರಕರಣದಲ್ಲಿ ಮಾಲೀಕರು ಕಾರು ಮಾರಿದ್ದು 2007ರಲ್ಲಿ, ಅಪಘಾತವಾಗಿದ್ದು 2009ರಲ್ಲಿ. ನಡುವೆ ಕಾರು ಹಲವರ ಕೈ ದಾಟಿತ್ತು. ಆದರೂ ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿದ್ದವರದೇ ಎಂದು ನ್ಯಾಯಾಲಯ ಹೇಳಿತು. ಚಂದಗಡದಲ್ಲಿ ಲಾರಿ ಮಾರಿ ನೆಮ್ಮದಿಯಾಗಿ ಮಲಗಿದ ರೈತನಿಗೆ ಖಾನಾಪುರದ ಅಪಘಾತದ ನೋಟಿಸು ಬಂದರೆ ಅಚ್ಚರಿಪಡಬೇಕಿಲ್ಲ.

ಜನರನ್ನಷ್ಟೇ ದೂರಿದರೆ ಸಾಲದು. ಎನ್‌ಒಸಿ ಅರ್ಜಿಯನ್ನು ನಿರಾಕರಿಸುವುದಿದ್ದರೆ 30 ದಿನದೊಳಗೆ ತಿಳಿಸಬೇಕು, ತಿಳಿಸದಿದ್ದರೆ ಕೊಟ್ಟಂತೆಯೇ ಎಂದು 48ನೇ ಕಲಮು ಹೇಳುತ್ತದೆ. ಕೌಂಟರಿನಲ್ಲಿ ನಿಂತವನಿಗೆ ಈ ಮಾತು ಹೇಳುವವರಾರು? ಏಜೆಂಟನಂತೂ ಹೇಳಲಾರ. ಕರ್ನಾಟಕ, ಮಹಾರಾಷ್ಟ್ರ ಎರಡೂ ‘ವಾಹನ್’ ಎಂಬ ಒಂದೇ ತಂತ್ರಾಂಶದಲ್ಲಿ ದಾಖಲೆ ಇಟ್ಟಿರುವಾಗ, 31ನೇ ದಿನ ಎನ್‌ಒಸಿ ತಾನಾಗಿ ಅರ್ಜಿದಾರನ ಮೊಬೈಲಿಗೆ ಬರುವಂತೆ ಮಾಡುವುದು ದೊಡ್ಡ ಮಾತಲ್ಲ. ಎರಡೂ ರಾಜ್ಯಗಳ ಸಾರಿಗೆ ಇಲಾಖೆಗಳು ಅದನ್ನು ಮಾಡಬೇಕು. ಅಲ್ಲಿಯವರೆಗೆ ಲಾರಿ ಮಾರುವವರು ಖಾಲಿ ಫಾರಂಗೆ ಸಹಿ ಹಾಕದೆ, ಅರ್ಜಿಯನ್ನು ತಾವೇ ಸಲ್ಲಿಸಿ ರಸೀದಿ ಪಡೆದ ಮೇಲಷ್ಟೇ ಕೀಲಿ ಕೊಡಲಿ.