ಸ್ಥಾನಬಲವೂ ನ್ಯಾಯವೂ

ಮಳೆಗಾಲ ಬಂದಿತೆಂದರೆ ಮುಂಬಯಿಯ ಶಾಲೆಗಳಲ್ಲಿ ಕಾಲ್ಚೆಂಡಾಟದ ಋತುವೂ ಬಂದಿತೆಂದೇ ಅರ್ಥ. ಮೊದಲಿನ ಸುತ್ತುಗಳಲ್ಲಿ ಪಂದ್ಯ ಯಾವ ಮೈದಾನದಲ್ಲಿ ನಡೆಯುತ್ತದೆಂಬುದನ್ನು ಯಾರೂ ಹೆಚ್ಚಾಗಿ ವಿಚಾರಿಸುವುದಿಲ್ಲ. ಆದರೆ ಸೋತವರು ನೇರವಾಗಿ ಮನೆಗೆ ಹೋಗತಕ್ಕ ಕೊನೆಯ ಸುತ್ತುಗಳು ಸಮೀಪಿಸಿದಾಗ, ಹೇಗೆ ಆಡುವುದೆಂಬ ಪ್ರಶ್ನೆಯೊಡನೆ ಎಲ್ಲಿ ಆಡುವುದೆಂಬ ಪ್ರಶ್ನೆಯೂ ತಲೆ ಎತ್ತುತ್ತದೆ. ಅಮೇರಿಕದ ಪ್ರೌಢಶಾಲೆಗಳಲ್ಲಿ ಇದು ಹಳೆಯ ವಾದ. ಅವರ ಫುಟ್‌ಬಾಲ್ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೊಂದು ಆಟ. ಅಲ್ಲಿಯ ಅನೇಕ ಸಂಸ್ಥಾನಗಳಲ್ಲಿ ಮೇಲಿನ ಸ್ಥಾನ ಪಡೆದ ಶಾಲೆಗೆ ನಿರ್ಣಾಯಕ ಪಂದ್ಯಗಳನ್ನು ತನ್ನ ಮೈದಾನದಲ್ಲೇ ಆಡುವ ಹಕ್ಕುಂಟು. ಇದು ನ್ಯಾಯವೇ ಎಂಬ ಪ್ರಶ್ನೆ ಅಲ್ಲಿಯದಷ್ಟೇ ಅಲ್ಲ, ನಮ್ಮದೂ ಹೌದು. ವಿಲೆ ಪಾರ್ಲೆಯ ಹೋಟೆಲು ಕೆಲಸಗಾರನ ಮಗನೊಬ್ಬ ಶಾಲೆಯ ತಂಡದಲ್ಲಿ ಆಡುತ್ತಿದ್ದರೆ ಈ ಪ್ರಶ್ನೆ ಅವನ ಮನೆಯ ಹೊಸ್ತಿಲಿಗೇ ಬರುತ್ತದೆ.

ಸ್ಥಾನಬಲವೆಂಬುದು ನಮ್ಮವರಿಗೆ ಹೊಸ ಮಾತಲ್ಲ. ನೀರಿನಲ್ಲಿರುವ ಮೊಸಳೆ ಆನೆಯನ್ನೂ ಎಳೆಯಬಲ್ಲದು, ದಡಕ್ಕೆ ಬಂದರೆ ನಾಯಿಗೂ ಅಂಜಬೇಕಾದೀತು ಎಂದು ಹಿರಿಯರು ಹೇಳಿದ್ದಾರೆ. ಈ ಬಲ ಬರಿಯ ಕಲ್ಪನೆಯಲ್ಲವೆಂಬುದಕ್ಕೆ ಲೆಕ್ಕವೇ ಇದೆ. ಯೂರೋಪಿನ ಕಾಲ್ಚೆಂಡಾಟದ ಒಕ್ಕೂಟವು 2021ರಲ್ಲಿ, ಪರಸ್ಥಳದಲ್ಲಿ ಹೊಡೆದ ಗೋಲಿಗೆ ಹೆಚ್ಚಿನ ಬೆಲೆ ಕೊಡುವ ಹಳೆಯ ನಿಯಮವನ್ನು ರದ್ದುಮಾಡಿದಾಗ ಅಂಕಿಗಳನ್ನು ಪ್ರಕಟಿಸಿತು. 1970ರ ದಶಕದ ಮಧ್ಯಭಾಗದಲ್ಲಿ ನೂರು ಪಂದ್ಯಗಳಲ್ಲಿ 61ನ್ನು ಸ್ವಸ್ಥಳದ ತಂಡವೂ 19ನ್ನು ಪರಸ್ಥಳದ ತಂಡವೂ ಗೆಲ್ಲುತ್ತಿದ್ದವು. ಇತ್ತೀಚೆಗೆ ಅವು 47 ಮತ್ತು 30 ಆಗಿವೆ. ಅಂತರ ತಗ್ಗಿದೆ, ಅಳಿದಿಲ್ಲ.

ಈ ಅನುಕೂಲ ಎಲ್ಲಿಂದ ಬರುತ್ತದೆ? ಪ್ರಯಾಣದ ಆಯಾಸವಿಲ್ಲದಿರುವುದು ಒಂದು. ನೆಲದ ಏರುತಗ್ಗುಗಳ ಪರಿಚಯ ಇನ್ನೊಂದು. ಇವೆರಡಕ್ಕೂ ಯಾರೂ ಆಕ್ಷೇಪಿಸಲಾರರು. ಮೂರನೆಯದು ಮಾತ್ರ ಯೋಚಿಸತಕ್ಕದ್ದು. 2002ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಪ್ರಯೋಗದಲ್ಲಿ ಅನುಭವಿ ತೀರ್ಪುಗಾರರಿಗೆ ಒಂದೇ ಪಂದ್ಯದ ಚಿತ್ರವನ್ನು ತೋರಿಸಲಾಯಿತು; ಕೆಲವರಿಗೆ ಪ್ರೇಕ್ಷಕರ ಗದ್ದಲದೊಡನೆ, ಉಳಿದವರಿಗೆ ಗದ್ದಲವಿಲ್ಲದೆ. ಗದ್ದಲವನ್ನು ಕೇಳಿದವರು ಸ್ವಸ್ಥಳದ ತಂಡದ ಮೇಲೆ ಹೊರಿಸಿದ ತಪ್ಪುಗಳು ಶೇಕಡಾ 15ರಷ್ಟು ಕಡಿಮೆ. ಸ್ಪೇನ್ ದೇಶದ ಪಂದ್ಯಗಳನ್ನು ಪರೀಕ್ಷಿಸಿದ ವಿದ್ವಾಂಸರು, ಸ್ವಸ್ಥಳದ ತಂಡ ಒಂದು ಗೋಲಿನಿಂದ ಹಿಂದಿದ್ದರೆ ತೀರ್ಪುಗಾರರು ಹೆಚ್ಚುವರಿ ಸಮಯವನ್ನು ಉದ್ದಕ್ಕೆ ಎಳೆಯುತ್ತಾರೆ, ಮುಂದಿದ್ದರೆ ಬೇಗ ಸೀಟಿ ಊದುತ್ತಾರೆ ಎಂಬುದನ್ನು ಕಂಡುಕೊಂಡರು. ಇವರು ಲಂಚ ತಿಂದವರಲ್ಲ. ತಾವು ನಿಷ್ಪಕ್ಷಪಾತಿಗಳೆಂದೇ ನಂಬಿದವರು. ಬಡಿಸುವವ ನಮ್ಮವನಾದರೆ ಕಡೆಯ ಪಂಕ್ತಿಯಲ್ಲಿ ಕುಳಿತರೇನು ಎಂಬ ಗಾದೆ ನಮ್ಮಲ್ಲುಂಟು. ಸುತ್ತಲೂ ನೆರೆದ ಸಾವಿರ ಮಂದಿಯ ಕೂಗಿಗೆ, ಬಡಿಸುವವನು ತಾನರಿಯದೆಯೇ ನಮ್ಮವನಾಗಿಬಿಡುತ್ತಾನೆ ಎಂಬುದೇ ಈ ಪ್ರಯೋಗಗಳ ಸಾರಾಂಶ.

ಹಾಗೆಂದು ಸ್ವಸ್ಥಳದವರೇ ಗೆಲ್ಲುವರೆಂಬ ವಿಧಿಲಿಖಿತವೇನೂ ಇಲ್ಲ. ಕನ್ನಡ ನಾಡಿನ ಆಟದ ಚರಿತ್ರೆಯನ್ನೇ ನೋಡಬಹುದು. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಪ್ರಥಮ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಇಲ್ಲಿಗೆ ಬಂದು ಅದನ್ನು ಗೆದ್ದುಕೊಂಡು ಹೋದರು. ಸಂತೋಷ್ ಟ್ರೋಫಿಯನ್ನು ಮೈಸೂರು ಸಂಸ್ಥಾನದ ತಂಡ 1946-47ರಲ್ಲೂ 1952-53ರಲ್ಲೂ ಬೆಂಗಳೂರಿನಲ್ಲೇ ಗೆದ್ದದ್ದು ನಿಜ. ಆದರೆ 1967-68ರಲ್ಲಿ ದೂರದ ಕಟಕದಲ್ಲಿ ಬಂಗಾಳವನ್ನು ಸೋಲಿಸಿ ಗೆದ್ದದ್ದೂ ಅಷ್ಟೇ ನಿಜ. 2023ರ ಮಾರ್ಚಿಯಲ್ಲಿ ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿ ಆ ಟ್ರೋಫಿಯನ್ನು ಮತ್ತೆ ಪಡೆದದ್ದು ಸೌದಿ ಅರೇಬಿಯದ ರಿಯಾದಿನಲ್ಲಿ. ಅದು ಇಬ್ಬರಿಗೂ ಪರದೇಶ. ಇಂಡಿಯನ್ ಸೂಪರ್ ಲೀಗಿನಲ್ಲಿ ಬೆಂಗಳೂರು ತಂಡ 2018ರ ಅಂತಿಮ ಪಂದ್ಯವನ್ನು ತನ್ನ ಕಂಠೀರವ ಕ್ರೀಡಾಂಗಣದಲ್ಲೇ ಆಡಿ ಚೆನ್ನೈ ತಂಡಕ್ಕೆ ಸೋತಿತು. ಮರುವರ್ಷ ಪಾರ್ಲೆಗೆ ಒಂದೇ ನಿಲ್ದಾಣದ ದೂರದಲ್ಲಿರುವ ಅಂಧೇರಿಯಲ್ಲಿ ಗೋವಾ ತಂಡವನ್ನು ಸೋಲಿಸಿ ಗೆದ್ದಿತು. ಆ ಪಂದ್ಯದ ಏಕಮಾತ್ರ ಗೋಲನ್ನು ಹೊಡೆದ ರಾಹುಲ್ ಭೇಕೆ ಮುಂಬಯಿಯ ಹುಡುಗ. ಕ್ರಿಕೆಟಿನಲ್ಲಿಯೂ ಇದೇ ಕಥೆ. 2010ರ ಜನವರಿಯಲ್ಲಿ ಮೈಸೂರಿನಲ್ಲಿ ನಡೆದ ರಣಜಿ ಅಂತಿಮ ಪಂದ್ಯದಲ್ಲಿ ಕರ್ನಾಟಕ ತನ್ನ ಜನರ ಮುಂದೆಯೇ ಮುಂಬಯಿಗೆ ಕೇವಲ 6 ಓಟಗಳಿಂದ ಸೋತದ್ದನ್ನು ನಮ್ಮ ವಾಚಕರು ಮರೆತಿರಲಾರರು.

ಇಷ್ಟನ್ನು ಹೇಳಿದ ಕಾರಣವೇನೆಂದರೆ, ನ್ಯಾಯವನ್ನು ಫಲಿತಾಂಶದಿಂದ ಅಳೆಯಲಾಗದು. ತವರಿನ ತಂಡ ಸೋತಿತೆಂಬ ಮಾತ್ರಕ್ಕೆ ಏರ್ಪಾಟು ನ್ಯಾಯವಾದದ್ದೆಂದಲ್ಲ. ಗೆದ್ದಿತೆಂಬ ಮಾತ್ರಕ್ಕೆ ಅನ್ಯಾಯವಾದದ್ದೆಂದೂ ಅಲ್ಲ. ಆ ಅನುಕೂಲ ಹೇಗೆ ಬಂದಿತು, ಯಾವಾಗ ಗೊತ್ತಾಯಿತು, ಯಾರ ಖರ್ಚಿನಲ್ಲಿ ದೊರೆಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗಬೇಕು.

ಸಂಪಾದಿಸಿದ ಅನುಕೂಲವನ್ನು ನಾವು ವಿರೋಧಿಸುವುದಿಲ್ಲ. ಋತುವಿನುದ್ದಕ್ಕೂ ಊರಿಂದೂರಿಗೆ ತಿರುಗಿ, ಎಲ್ಲರೊಡನೆ ಆಡಿ, ಪಟ್ಟಿಯಲ್ಲಿ ಮೇಲೆ ನಿಂತ ತಂಡಕ್ಕೆ ಕೊನೆಯ ಪಂದ್ಯವನ್ನು ತನ್ನೂರಿನಲ್ಲಿ ಆಡುವ ಹಕ್ಕನ್ನು ಕೊಟ್ಟರೆ ಅದು ದುಡಿಮೆಗೆ ಸಂದ ಕೂಲಿ. ಮೇಲಿನ ಸ್ಥಾನದಲ್ಲಿದ್ದ ಮೋಹನ್ ಬಗಾನ್ ತಂಡಕ್ಕೆ 2024ರಲ್ಲಿಯೂ 2025ರಲ್ಲಿಯೂ ಕೋಲ್ಕತ್ತಾದಲ್ಲೇ ಅಂತಿಮ ಪಂದ್ಯವನ್ನು ಆಡುವ ಅವಕಾಶ ದೊರೆಯಿತು. ಮೊದಲನೆಯ ವರ್ಷ ಮುಂಬಯಿ ಅಲ್ಲಿ ಗೆದ್ದಿತು. ಎರಡನೆಯ ವರ್ಷ ಬೆಂಗಳೂರು ಸೋತಿತು. ಎರಡು ಸಲವೂ ಆ ಅವಕಾಶ ಋತುವಿನುದ್ದದ ಆಟದ ಫಲವಾಗಿತ್ತು. ಗುಮಾಸ್ತನಿಗೆ ಸೇವಾವಧಿಯ ಮೇಲೆ ಬಡ್ತಿ ಸಿಕ್ಕರೆ ಪಕ್ಕದ ಮೇಜಿನವನು ಸಹಿಸಿಕೊಳ್ಳುತ್ತಾನೆ. ಗೊತ್ತಿಲ್ಲದ ಕಾರಣಕ್ಕೆ ಸಿಕ್ಕರೆ ಕಚೇರಿಯೆಲ್ಲ ಕುದಿಯುತ್ತದೆ. ಆಟದಲ್ಲಿಯೂ ಮನುಷ್ಯಸ್ವಭಾವ ಬೇರೆಯಲ್ಲ.

ಆದುದರಿಂದಲೇ ನಿಯಮ ನಡುವೆ ಬದಲಾಗಬಾರದು. 2016-17ರಲ್ಲಿ ರಣಜಿಯ ಎಲ್ಲ ಪಂದ್ಯಗಳನ್ನೂ ತಟಸ್ಥ ಸ್ಥಳಗಳಲ್ಲಿ ಆಡಿಸಲಾಯಿತು. ತಮ್ಮ ಅನುಕೂಲಕ್ಕೆ ತಕ್ಕಂತೆ ಪಿಚ್ಚುಗಳನ್ನು ಸಿದ್ಧಪಡಿಸುವ ಚಾಳಿಯನ್ನು ತಡೆಯಬೇಕೆಂಬ ಉದ್ದೇಶವೇನೋ ಒಳ್ಳೆಯದೇ. ಆದರೆ ತನ್ನವರೆಂಬ ಪ್ರೇಕ್ಷಕರಿಲ್ಲದ ಊರುಗಳಲ್ಲಿ ಆಡುವ ಬೇಸರವನ್ನು ಆಟಗಾರರು ತೋಡಿಕೊಂಡರು. ಮರುವರ್ಷವೇ ಪ್ರಾಥಮಿಕ ಪಂದ್ಯಗಳಿಗೆ ಹಳೆಯ ಪದ್ಧತಿ ಮರಳಿತು. 2025ರ ಫೆಬ್ರವರಿಯಲ್ಲಿ ಹರಿಯಾಣ ಮತ್ತು ಮುಂಬಯಿ ತಂಡಗಳ ರಣಜಿ ಉಪಾಂತ್ಯಪೂರ್ವ ಪಂದ್ಯ ಹರಿಯಾಣದ ಲಾಹ್ಲಿಯಲ್ಲಿ ನಡೆಯಬೇಕಾಗಿತ್ತು. ಕೆಲವೇ ದಿನಗಳು ಉಳಿದಿದ್ದಾಗ ಅದನ್ನು ಕೋಲ್ಕತ್ತಾಕ್ಕೆ ಸಾಗಿಸಲಾಯಿತು. ಚಳಿಗಾಲದ ಮಂಜು ಕಾರಣವೆಂದು ವರದಿಯಾಯಿತು; ಕಾರಣ ಸಕಾರಣವೇ ಇದ್ದೀತು. ಆದರೆ ಉತ್ತರ ಭಾರತದಲ್ಲಿ ಚಳಿಗಾಲದ ಮಂಜು ಯಾರಿಗೂ ತಿಳಿಯದ ಸಂಗತಿಯಲ್ಲ. ಬದಲಿ ಸ್ಥಳ ಯಾವುದೆಂಬುದನ್ನು ಋತುವಿನ ಆರಂಭದಲ್ಲೇ ಸಾರಿದ್ದರೆ ತವರನ್ನು ಕಳೆದುಕೊಂಡವರು ಹೇಳಲು ಏನೂ ಉಳಿಯುತ್ತಿರಲಿಲ್ಲ.

ಇದುವರೆಗೆ ಹೇಳಿದ್ದು ವೇತನ ಪಡೆಯುವ ದೊಡ್ಡವರ ಆಟ. ಶಾಲಾ ಮಕ್ಕಳ ವಿಷಯದಲ್ಲಿ ನಮ್ಮ ಅಭಿಪ್ರಾಯ ಇದಕ್ಕಿಂತ ಬಿಗಿಯಾಗಿದೆ. ಶಾಲೆಯೊಂದಕ್ಕೆ ಸ್ವಂತ ಮೈದಾನವಿದ್ದರೆ ಅದು ಅಲ್ಲಿಯ ಹುಡುಗರು ಸಂಪಾದಿಸಿದ್ದಲ್ಲ. ಸಂಸ್ಥಾಪಕರ ಉದಾರತೆಯಿಂದಲೋ, ಎತ್ತರದ ಶುಲ್ಕದಿಂದಲೋ, ಭೂಮಿ ಅಗ್ಗವಾಗಿದ್ದ ಕಾಲದ ದೂರದೃಷ್ಟಿಯಿಂದಲೋ ಬಂದದ್ದು. ಇನ್ನೊಂದು ಶಾಲೆಯ ಮಕ್ಕಳು ಕಟ್ಟಡದ ಗಚ್ಚಿನ ಮೇಲೆ ಅಭ್ಯಾಸ ಮಾಡಿ ಬಂದವರು. ಮೊದಲಿನವರು ಹತ್ತು ಪಂದ್ಯ ಗೆದ್ದು ಮೇಲಿನ ಸ್ಥಾನ ಪಡೆದರೂ ಅದರಲ್ಲಿ ಮೈದಾನದ ಪಾಲೂ ಸೇರಿರುತ್ತದೆ. ಅದರ ಮೇಲೆ ಮತ್ತೆ ಅದೇ ಮೈದಾನವನ್ನು ಬಹುಮಾನವಾಗಿ ಕೊಡುವುದು ಉಂಡವನಿಗೇ ಎರಡನೆಯ ಸಲ ಎಲೆ ಹಾಕಿದಂತೆ.

ಈ ದೃಷ್ಟಿಯಿಂದ ಮುಂಬಯಿಯ ಹಳೆಯ ಪದ್ಧತಿ ನಿಜಕ್ಕೂ ಪ್ರಶಂಸನೀಯವಾದುದು. ಸ್ಥಳದ ಅಭಾವದಿಂದಲೇ ಹುಟ್ಟಿದ್ದಾದರೂ, ಶಾಲೆಗಳು ಆಜಾದ್ ಮೈದಾನ, ಕ್ರಾಸ್ ಮೈದಾನ, ಶಿವಾಜಿ ಪಾರ್ಕುಗಳಂತಹ ಸಾರ್ವಜನಿಕ ನೆಲದಲ್ಲಿ ಎದುರಾಗುವ ಸಂಪ್ರದಾಯ ಇಲ್ಲಿ ಬೇರೂರಿದೆ. 1988ರಲ್ಲಿ ಶಾರದಾಶ್ರಮದ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಹ್ಯಾರಿಸ್ ಶೀಲ್ಡಿನ ಪಂದ್ಯದಲ್ಲಿ 664 ಓಟಗಳ ಜೊತೆಯಾಟ ಆಡಿದ್ದೂ, 2013ರಲ್ಲಿ ಪೃಥ್ವಿ ಶಾ ಅದೇ ಶೀಲ್ಡಿನಲ್ಲಿ 546 ಓಟ ಹೊಡೆದದ್ದೂ ಆಜಾದ್ ಮೈದಾನದಲ್ಲಿ. ಆ ನೆಲ ಯಾವ ಶಾಲೆಯ ಸೊತ್ತೂ ಅಲ್ಲ. ಅಲ್ಲಿ ಸಿರಿವಂತರ ಶಾಲೆಗೂ ನಗರಸಭೆಯ ಶಾಲೆಗೂ ಒಂದೇ ಕೆಸರು, ಒಂದೇ ಬಿಸಿಲು.

ಆದರೆ ಯಾರ ಸೊತ್ತೂ ಅಲ್ಲದ ನೆಲವೆಲ್ಲ ಎಲ್ಲರಿಗೂ ಸಮಾನ ದೂರದಲ್ಲಿರುವುದಿಲ್ಲ. ಕೋಟೆ ಭಾಗದ ಹುಡುಗ ಶಾಲೆಯಿಂದ ನಡೆದುಕೊಂಡು ಆಜಾದ್ ಮೈದಾನವನ್ನು ಸೇರುತ್ತಾನೆ. ಪಾರ್ಲೆಯ ಹುಡುಗ ಚೀಲ ಹೊತ್ತು ನಿಧಾನ ಲೋಕಲಿನಲ್ಲಿ, ಕಚೇರಿಗೆ ಹೋಗುವವರ ನೂಕುನುಗ್ಗಲಲ್ಲಿ ಸಿಕ್ಕಿ, ಸುಮಾರು 20 ಕಿಲೋಮೀಟರು ನಿಂತೇ ಬಂದು ಚರ್ಚ್‌ಗೇಟಿನಲ್ಲಿ ಇಳಿಯುತ್ತಾನೆ. ಬೊರಿವಲಿ, ವಿರಾರಗಳಿಂದ ಬರುವವನ ಪಾಡು ಹೇಳತೀರದು. ಆಟ ಆರಂಭವಾಗುವ ಮೊದಲೇ ಅವನ ಕಾಲು ಅರ್ಧ ಸೋತಿರುತ್ತದೆ. ಮಗನ ಆಟ ನೋಡಬೇಕೆಂದು ತಂದೆಗೆ ಆಸೆಯಿದ್ದರೆ, ಗುಮಾಸ್ತನಾದವನು ಅರ್ಧ ದಿನದ ರಜೆ ಹಾಕಬೇಕು. ಹೋಟೆಲಿನಲ್ಲಿರುವವನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮೇಜು ಬಿಟ್ಟು ಬರಲಾರ. ಕಾಗದದ ಮೇಲೆ ತಟಸ್ಥವಾದ ಮೈದಾನವೂ ಒಬ್ಬನಿಗೆ ತವರು, ಇನ್ನೊಬ್ಬನಿಗೆ ಪರಸ್ಥಳ ಆಗುವುದು ಹೀಗೆ.

ತೆಂಡೂಲ್ಕರರ ಉದಾಹರಣೆಯೇ ಇದಕ್ಕೆ ಸಾಕ್ಷಿ. ಬಾಂದ್ರಾದಲ್ಲಿ ವಾಸವಾಗಿದ್ದ ಆ ಬಾಲಕ ದಾದರಿನ ಶಾಲೆಗೆ ಸೇರಿ, ಶಿವಾಜಿ ಪಾರ್ಕಿನ ಹತ್ತಿರವಿದ್ದ ಚಿಕ್ಕಪ್ಪ ಚಿಕ್ಕಮ್ಮನವರ ಮನೆಯಲ್ಲಿ ಉಳಿದು ಬೆಳೆಯಬೇಕಾಯಿತು. ಬಾಂದ್ರಾದಷ್ಟು ಸಮೀಪದವನಿಗೇ ಮೈದಾನಕ್ಕಾಗಿ ಮನೆ ಬದಲಿಸಬೇಕಾಯಿತೆಂದ ಮೇಲೆ, ಮೈದಾನದ ಬಳಿ ಬಂಧುಗಳಿಲ್ಲದ ಮಕ್ಕಳ ಗತಿಯೇನು? ನಮ್ಮವರು ಕಟ್ಟಿದ ರಾತ್ರಿ ಶಾಲೆಗಳಲ್ಲಿ, ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ಎತ್ತಿ ರಾತ್ರಿ ಪುಸ್ತಕ ಹಿಡಿದ ಹುಡುಗರ ಪೀಳಿಗೆಗಳೇ ಕಲಿತವು. ಅವರಲ್ಲಿ ಒಳ್ಳೆಯ ಆಟಗಾರರಿರಲಿಲ್ಲವೆಂದು ಯಾರು ಹೇಳಬಲ್ಲರು? ಅವರಿಗೆ ಮೈದಾನವೂ ಹಗಲೂ ದಕ್ಕಲಿಲ್ಲ, ಅಷ್ಟೆ.

ಹಾಗಾದರೆ ಮಾಡತಕ್ಕದ್ದೇನು? ಪಂದ್ಯಾಟಗಳನ್ನು ನಡೆಸುವ ಸಂಸ್ಥೆಗಳ ಮುಂದೆ ನಾವು ನಾಲ್ಕು ಸೂಚನೆಗಳನ್ನು ಇಡುತ್ತೇವೆ. ಮೊದಲನೆಯದಾಗಿ, ಕೊನೆಯ ಸುತ್ತುಗಳ ಸ್ಥಳವನ್ನೂ ಬದಲಿ ಸ್ಥಳವನ್ನೂ ಋತುವಿಗೆ ಮೊದಲೇ ಪ್ರಕಟಿಸಬೇಕು. ತಂಡಗಳ ಹೆಸರು ಗೊತ್ತಾದ ಮೇಲೆ ಸ್ಥಳ ನಿಶ್ಚಯಿಸುವುದು ಸಂಶಯಕ್ಕೆ ಎಡೆಗೊಡುತ್ತದೆ. ಎರಡನೆಯದಾಗಿ, ಶಾಲೆಗಳ ನಿರ್ಣಾಯಕ ಪಂದ್ಯ ಯಾವ ಸ್ಪರ್ಧಿಯ ಸ್ವಂತ ಮೈದಾನದಲ್ಲೂ ನಡೆಯಬಾರದು. ಒಂದು ವರ್ಷ ದಕ್ಷಿಣ ಮುಂಬಯಿ, ಮರುವರ್ಷ ಉಪನಗರ ಎಂಬಂತೆ ಸರದಿ ಇರಬೇಕು. ರಾಷ್ಟ್ರದ ಅಂತಿಮ ಪಂದ್ಯವನ್ನೇ ನಡೆಸಿದ ಅಂಧೇರಿಯ ಕ್ರೀಡಾಂಗಣ ಉಪನಗರದಲ್ಲಿರುವಾಗ ಸ್ಥಳವಿಲ್ಲವೆಂಬ ನೆಪ ಒಪ್ಪತಕ್ಕದ್ದಲ್ಲ. ಮೂರನೆಯದಾಗಿ, ದೂರದಿಂದ ಬರುವ ತಂಡದ ಪ್ರಯಾಣದ ವೆಚ್ಚವನ್ನು ಸಂಸ್ಥೆಯೇ ವಹಿಸಬೇಕು. ಪಂದ್ಯದ ಹೊತ್ತನ್ನೂ ಅವರ ಪ್ರಯಾಣವನ್ನು ಗಮನಿಸಿ ಗೊತ್ತುಪಡಿಸಬೇಕು. ನಾಲ್ಕನೆಯದಾಗಿ, ಎರಡು ಶಾಲೆಗಳಿಗೂ ಸಂಬಂಧವಿಲ್ಲದ ತೀರ್ಪುಗಾರರೇ ಇರಬೇಕು. ಪ್ರೇಕ್ಷಕರಿಗಾಗಿ ಇಟ್ಟ ಸ್ಥಳದಲ್ಲಿ ಇಬ್ಬರಿಗೂ ಸಮಪಾಲು ಸಿಗಬೇಕು.

ಇದಕ್ಕೆಲ್ಲ ಹಣ ಬೇಕೆಂಬ ಆಕ್ಷೇಪಣೆ ಬರಬಹುದು. ಸರದಿ ಬದಲಿಸಲು ಹಣ ಬೇಡ. ಮೊದಲೇ ಪ್ರಕಟಿಸಲು ಒಂದು ಹಾಳೆ ಸಾಕು. ಹಣ ಬೇಕಾದದ್ದು ಪ್ರಯಾಣದ ವೆಚ್ಚಕ್ಕೆ ಮಾತ್ರ, ಅದೂ ಹೆಚ್ಚಿನ ಮೊತ್ತವಲ್ಲ. ನಮ್ಮ ಹೋಟೆಲು ಮಾಲಕರು ಮನಸ್ಸು ಮಾಡಿದರೆ ಒಂದು ತಂಡದ ಹುಡುಗರ ರೈಲು ಖರ್ಚನ್ನೂ ಆಟದ ನಂತರದ ಉಪಾಹಾರವನ್ನೂ ನಿಭಾಯಿಸುವುದು ಕಷ್ಟವಲ್ಲ. ಮಗನ ಅಂತಿಮ ಪಂದ್ಯವಿರುವ ದಿನ ಕೆಲಸಗಾರನಿಗೆ ಮೂರು ಗಂಟೆಗಳ ಬಿಡುವು ಕೊಡುವುದು ಅದಕ್ಕಿಂತಲೂ ಸುಲಭ.

ಪರರಿಗೆ ಉಪದೇಶಿಸುವಾಗ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ನಮ್ಮ ಸಂಘಗಳು ನಡೆಸುವ ಪಂದ್ಯಾಟಗಳಲ್ಲಿ ಆತಿಥೇಯ ಸಂಘದ ತಂಡ ತನ್ನ ಬಡಾವಣೆಯಲ್ಲೇ, ತನ್ನವರೇ ತೀರ್ಪುಗಾರರಾಗಿ ನಿಂತ ಪಂದ್ಯದಲ್ಲಿ ಕಪ್ಪು ಗೆದ್ದರೆ ಆ ಕಪ್ಪಿಗೆ ಹೊಳಪಿಲ್ಲ. ಆತಿಥೇಯರು ಅತಿಥಿಗಳಿಗೆ ಮೊದಲು ಬಡಿಸಿ ತಾವು ಕೊನೆಗೆ ಉಣ್ಣುವುದು ನಮ್ಮ ಪದ್ಧತಿ. ಪಂಕ್ತಿಭೇದ ಮಾಡಿದವನನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಒಳ್ಳೆಯವನೆನ್ನಲಿಲ್ಲ. ಊಟದ ಪಂಕ್ತಿಗೆ ಅನ್ವಯಿಸುವ ಈ ಮರ್ಯಾದೆ ಆಟದ ಅಂಗಳಕ್ಕೂ ಅನ್ವಯಿಸಲಿ.

ಉಡುಪಿ, ಕುಂದಾಪುರ, ಧಾರವಾಡ, ಕಾರವಾರಗಳಿಂದ ಈ ನಗರಕ್ಕೆ ಬಂದ ನಾವು ಪರಸ್ಥಳದ ಆಟವೆಂದರೇನೆಂದು ಬಲ್ಲವರು. ಇಲ್ಲಿಯ ಭಾಷೆ, ಇಲ್ಲಿಯ ದಾರಿ, ಇಲ್ಲಿಯ ವಶೀಲಿ ಯಾವುದೂ ನಮ್ಮದಾಗಿರಲಿಲ್ಲ. ನಾವು ಕೇಳಿದ್ದು ವಿಶೇಷ ರಿಯಾಯಿತಿಯನ್ನಲ್ಲ, ಎಲ್ಲರಿಗೂ ಒಂದೇ ನಿಯಮವನ್ನು. ಅದು ದೊರೆತಲ್ಲೆಲ್ಲ ನಮ್ಮ ಜನ ತಲೆ ಎತ್ತಿ ನಿಂತರು. ನಮ್ಮ ಮಕ್ಕಳಿಗೆ ಈ ನಗರವೇ ತವರು. ಅವರ ಮೈದಾನ ಅವರಿಗೆ ಇನ್ನೂ ದೂರವಾಗಿ ಉಳಿಯದಂತೆ ನೋಡಿಕೊಳ್ಳುವುದು ಪಂದ್ಯಾಟ ನಡೆಸುವವರ ಹೊಣೆ. ಅದನ್ನು ಅವರಿಗೆ ನೆನಪಿಸುತ್ತಿರುವುದು ತಂದೆತಾಯಿಗಳ ಹಾಗೂ ನಮ್ಮ ಸಂಘಗಳ ಹೊಣೆ.