ಹಿಡ್ಕೊಳ್ಳೋ ಕೆಲಸ ಕ್ಲ್ಯಾಂಪಿಗೆ

ಗ್ರಿಲ್ ಅಂಗಡಿಗಳಲ್ಲಿ ನೀವೂ ನೋಡಿರ್ತೀರಿ. ಒಬ್ಬ ವೆಲ್ಡಿಂಗ್ ಮಾಡ್ತಾನೆ, ಹೆಲ್ಪರ್ ಪೈಪು ಹಿಡಿದು ಮುಖ ಆಚೆ ತಿರುಗಿಸಿಕೊಂಡು ಕೂತಿರ್ತಾನೆ. ರಾತ್ರಿ ಅವನ ಕಣ್ಣಿಗೆ ಮರಳು ಹಾಕಿದ ಹಾಗೆ ಉರಿ. ನಮ್ಮ ಶೆಡ್ಡಿನಲ್ಲಿ ಈ ಹಿಡ್ಕೊಳ್ಳೋ ಕೆಲಸವನ್ನೇ ತೆಗೆದುಹಾಕಿ, ಟೇಬಲ್ ಮೇಲೆ ಟಾಗಲ್ ಕ್ಲ್ಯಾಂಪ್ ಕೂರಿಸಿದ್ದೇವೆ.

ಇದರ ಹಿಡಿ ಒತ್ತಿದರೆ ಕೀಲುಗಳು ಒಂದೇ ಗೆರೆಗೆ ಬಂದು, ಅದನ್ನು ಕೂದಲೆಳೆಯಷ್ಟು ದಾಟಿ ಲಾಕ್ ಆಗುತ್ತವೆ. ಆಮೇಲೆ ಪೈಪು ಮೇಲಕ್ಕೆ ಒತ್ತಿದರೂ ಬಿಚ್ಚೋದಿಲ್ಲ, ಹಿಡಿ ಎತ್ತಿದರೆ ಮಾತ್ರ. ಸಿ-ಕ್ಲ್ಯಾಂಪಿನ ಹಾಗೆ ತಿರುಗಿಸ್ತಾ ಕೂರಬೇಕಿಲ್ಲ. ಒಂದೇ ಅಳತೆಯ ಹತ್ತು ಕಿಟಕಿ ಇದ್ದರಂತೂ ಇದೇ ವಾಸಿ. ಅಳತೆ ಬೇರೆಬೇರೆ ಆದರೆ ನಾನು ಎಫ್-ಕ್ಲ್ಯಾಂಪೇ ತಗೊಳ್ತೀನಿ.

ತುದಿಯ ರಬ್ಬರ್ ಟೋಪಿ ಮಾತ್ರ ತೆಗೆದಿಡಿ, ಸುಟ್ಟು ನಾರುತ್ತೆ. ಅರ್ಥಿಂಗ್ ಕೇಬಲ್ಲನ್ನು ಕ್ಲ್ಯಾಂಪಿಗೆ ಕಚ್ಚಿಸಬೇಡಿ. ಕರೆಂಟು ಕೀಲಿನೊಳಗೆ ಹರಿದರೆ ಕೀಲು ಹಾಳು. ಪೈಪಿಗೇ ಹಾಕಿ.

ಇನ್ನು ಬೆಸುಗೆ ಆರುವಾಗ ಕುಗ್ಗುತ್ತೆ, ಕುಗ್ಗುತ್ತಾ ಪೈಪನ್ನು ತನ್ನ ಕಡೆಗೆ ಎಳೆಯುತ್ತೆ. ಅದಕ್ಕೇ ಮೊದಲು ನಾಲ್ಕೂ ಮೂಲೆಗೆ ಟ್ಯಾಕ್ ಹಾಕಿ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡೀತೀವಿ. ಎರಡೂ ಅಳತೆ ಸಮ ಬಂದ ಮೇಲೇ ಪೂರ್ತಿ ಬೆಸುಗೆ. ಗಿರಾಕಿ ಬಾಗಿಲಲ್ಲಿ ನಿಂತು ಅವಸರ ಮಾಡ್ತಿದ್ದರೂ ಆರೋವರೆಗೆ ಕ್ಲ್ಯಾಂಪ್ ಬಿಚ್ಚೋದಿಲ್ಲ. ಬಿಸಿಯಲ್ಲೇ ಬಿಚ್ಚಿದರೆ ಚೌಕಟ್ಟು ಇನ್ನಷ್ಟು ಸೊಟ್ಟಗಾಗುತ್ತೆ, ಗೋಡೆಗೆ ಕೂರೋದಿಲ್ಲ.

ನಮ್ಮ ಹೆಲ್ಪರ್ ಈಗ ಪರದೆಯಾಚೆ ಪೈಪು ಕತ್ತರಿಸ್ತಾನೆ. ಹೋದ ತಿಂಗಳಿಂದ ಟ್ಯಾಕ್ ಹಾಕೋದನ್ನೂ ಕಲೀತಿದ್ದಾನೆ, ತನ್ನದೇ ಹೆಲ್ಮೆಟ್ ಹಾಕ್ಕೊಂಡು.